ಕತ್ತೆ ಹುಡುಕಲು ಹೋದವರು

ನಮ್ಮ ಡ್ರೈವರಣ್ಣ ಬಸ್ಸಿನಲ್ಲಿ ಒಂದು ಥರ, ಭಾನುವಾರ ನನ್ನ ಪೇಂಟ್ ಅಂಗಡಿಯ ಮೇಲಿನ ಕೋಣೆಯಲ್ಲಿ ಇನ್ನೊಂದು ಥರ. ಸ್ಟಿಯರಿಂಗ್ ಹಿಡಿದನೆಂದರೆ ಹೆತ್ತ ತಾಯಿ ಕೈ ಬೀಸಿದರೂ ಸ್ಟಾಪಿಲ್ಲದ ಕಡೆ ಬ್ರೇಕ್ ಒತ್ತುವವನಲ್ಲ. ಕಟ್ಟಿಕೊಂಡ ಹೆಂಡತಿಯನ್ನೇ ಒಮ್ಮೆ ರಸ್ತೆಯಲ್ಲಿ ಬಿಟ್ಟು ಹೋದ ಪುಣ್ಯಾತ್ಮ.

ಅದೇ ಮನುಷ್ಯ ನನ್ನ ಮೆಟ್ಟಿಲು ಹತ್ತಿದರೆ ಬೆಣ್ಣೆ. ಅಲ್ಲಿ ನಡೆಯುವ ಆಟ ಇಷ್ಟೇ: ಅವನು ಕಥೆ ಹೇಳುತ್ತಾನೆ, ನಾವು ಅದರೊಳಗಿನ ಪಾತ್ರಗಳು. ಏನು ಮಾಡುತ್ತೇವೆಂದು ನಾವು ಹೇಳಬೇಕು, ಆಗುತ್ತದೋ ಇಲ್ಲವೋ ಎಂದು ದಾಳ ಹೇಳುತ್ತದೆ. ನಾನು ಅದರಲ್ಲೂ ವ್ಯಾಪಾರಿಯೇ. ಕತ್ತಿ ಹಿಡಿದು ಸಾಯಲು ನನಗೇನು ಹುಚ್ಚೇ? ಅವನ ಭಾವಮೈದ ಕಳ್ಳ. ಆಸ್ಪತ್ರೆಯ ನರ್ಸಕ್ಕ ಬಿಲ್ಲುಗಾರ್ತಿ. ಬಿಲ್ಲುಗಾರ್ತಿಯ ತಮ್ಮನನ್ನು ಕೋಟೆಯಲ್ಲಿ ಕೂಡಿಹಾಕಿದ್ದಾರೆ, ಹುಣ್ಣಿಮೆಯೊಳಗೆ ಬಿಡಿಸಬೇಕು. ಮೂಲ ಕಥೆ ಅದು.

ಆದರೆ ಕೇಳಿದ್ದಕ್ಕೆ ಇಲ್ಲವೆನ್ನಲು ಡ್ರೈವರಣ್ಣನಿಗೆ ಬಾರದು. "ಆ ಬಾಗಿಲ ಹಿಂದೆ ಏನಿದೆ?" ಎಂದು ಭಾವಮೈದ ಕೇಳಿದ್ದೇ ತಡ, ಹಿಂದೊಂದು ಕೋಣೆ, ಕೋಣೆಯಲ್ಲೊಬ್ಬ ಅಳುವ ಮುದುಕ, ಮುದುಕನಿಗೊಂದು ಕಳೆದುಹೋದ ಕತ್ತೆ! ಆ ಕತ್ತೆಯ ಬೆನ್ನು ಹತ್ತಿ ಎಷ್ಟು ಭಾನುವಾರ ಅಲೆದೆವೋ. ಅದಕ್ಕೆ ಹಲ್ಲುನೋವಿತ್ತೆಂಬುದೂ ತಿಳಿಯಿತು.

ಇತ್ತ ನರ್ಸಕ್ಕನಿಗೆ ಬೇರೆ ಊರಿಗೆ ವರ್ಗವಾಯಿತು. ಕೊನೆಯ ಭಾನುವಾರ ಬಂದವಳೇ, "ಇವತ್ತಾದ್ರೂ ಕೋಟೆಗೆ ಹೋಗೋಣ್ವಾ? ತಮ್ಮನ್ನ ಬಿಡಿಸ್ಕೊಂಡೇ ಊರು ಬಿಡ್ಬೇಕು ನಾನು," ಅಂದಳು.

"ಅಕ್ಕಾ, ಕತ್ತೆ ಹೆಜ್ಜೆ ಸಿಕ್ಕಿದೆ, ಇದೊಂದು ಮುಗಿಸಿಬಿಡೋಣ," ಅಂದ ಭಾವಮೈದ.

ಕತ್ತೆ ಸಿಕ್ಕಿತು. ರಾಜ್ಯ ಗೆದ್ದವರಂತೆ ಬೀಗುತ್ತ ಕೋಟೆಯ ಬಾಗಿಲಿಗೆ ಹೋದೆವು. ಡ್ರೈವರಣ್ಣ ಮುಂದೆ ಹರಡಿದ್ದ ಆಟದ ನಕ್ಷೆಯ ಅಂಚಿನಲ್ಲಿದ್ದ ಬಿಳಿ ಅಂಗಿಗುಂಡಿಯನ್ನು ಮೂಲೆಗೆ ಸರಿಸಿದ.

"ನಿನ್ನೆ ಹುಣ್ಣಿಮೆ ಆಗೋಯ್ತು. ಹುಡುಗನ್ನ ಬೆಳಿಗ್ಗೆ ಗಲ್ಲಿಗೇರಿಸಿದ್ರು."

ನನ್ನ ಬಾಯಿಗೆ ಹೊರಟಿದ್ದ ಬಿಸ್ಕತ್ತು ದಾರಿಯಲ್ಲೇ ನಿಂತಿತು. ಮಾತಿನಲ್ಲಿ ಹುಟ್ಟಿದ ಹುಡುಗ, ಮುಖವನ್ನೂ ಕಂಡವರಿಲ್ಲ. ಆದರೂ ಬಿಸ್ಕತ್ತನ್ನು ತಟ್ಟೆಗೆ ವಾಪಸ್ಸಿಟ್ಟೆ.

"ಭಾವ, ತಲೆ ನೆಟ್ಟಗಿದ್ಯಾ ನಿಮ್ದು? ಕತ್ತೆ ಹುಡುಕಿದ್ದಕ್ಕೆ ಒಂದು ಜೀವಾನಾ?"

"ಈ ಗುಂಡೀನೇ ಚಂದ್ರ ಅಂತ ಮೊದಲ ದಿನಾನೇ ಹೇಳಿದ್ದೆ ಕಣೋ. ವಾರ ವಾರ ಸರಿಸ್ತಾನೇ ಬಂದೆ. ನೀವು ಬರೋವರ್ಗೂ ನೇಣು ಹಿಡ್ಕೊಂಡು ಕಾಯ್ತಾ ನಿಂತಿರ್ತಾರಾ ಅವ್ರು?"

ಮಾತು ನ್ಯಾಯವೇ. ಅವಧಿ ಮೀರಿದ ಮಾಲನ್ನು ಎಷ್ಟು ಗೋಳಾಡಿದರೂ ಯಾರೂ ವಾಪಸ್ಸು ತೆಗೆದುಕೊಳ್ಳುವುದಿಲ್ಲ. ಆದರೆ ನ್ಯಾಯದ ಮಾತಿಗೆ ಬಾಯಿ ಇಷ್ಟು ಒಣಗುತ್ತದೆಂದು ನನಗೆ ಗೊತ್ತಿರಲಿಲ್ಲ.

ನರ್ಸಕ್ಕ ಗುಂಡಿಯನ್ನೇ ನೋಡುತ್ತಿದ್ದಳು. "ನಾನೂ ವಾರ ವಾರ ನೋಡ್ತಿದ್ದೆ ಇದನ್ನ. ಕತ್ತೆ ಕೊಟ್ಟೋರೂ ನೀವೇ ಅಲ್ವಾ ಅಣ್ಣ? ಆ ಕಡೆ ಕಳಿಸಿ, ಈ ಕಡೆ ಹೀಗೆ ಮಾಡಲ್ಲ ಅಂದ್ಕೊಂಡಿದ್ದೆ."

ಡ್ರೈವರಣ್ಣನ ಮುಖದಲ್ಲಿ ರಕ್ತವಿರಲಿಲ್ಲ. ಗುಂಡಿಯ ಮೇಲಿದ್ದ ಬೆರಳನ್ನು ಹಿಂದಕ್ಕೆಳೆದುಕೊಂಡ.

"ದೇಹ ಎಲ್ಲಿದೆ?" ಕೇಳಿದಳು ನರ್ಸಕ್ಕ.

"ಆಂ?"

"ನನ್ನ ತಮ್ಮನ ದೇಹ. ತಗೊಂಡು ಹೋಗ್ಬೇಕಲ್ಲ."

ಸುರಂಗ, ಸೇನಾಪತಿ, ಮುಂದಿನ ಯುದ್ಧ, ಎಲ್ಲ ಸಿದ್ಧವಿತ್ತು ಅವನ ಬಳಿ. ಇದೊಂದು ಅವನ ಕಥೆಯಲ್ಲಿರಲಿಲ್ಲ. ತಡವರಿಸಿ, ಕಾವಲುಗಾರನ ಗಡಸು ದನಿ ತೆಗೆದ: "ಯಾರಿಗೂ ಕೊಡಬಾರ್ದು ಅಂತ ಅಪ್ಪಣೆಯಾಗಿದೆ."

"ಬಿಲ್ಲು ಕೆಳಗಿಟ್ಟೆ," ಅಂದಳು ನರ್ಸಕ್ಕ. "ನಿಂಗೂ ಒಬ್ಬ ತಮ್ಮ ಇದಾನೇನಪ್ಪಾ?"

ನಾನು ಮೆಲ್ಲಗೆ ದಾಳವನ್ನು ಮುಂದೆ ತಳ್ಳಿದೆ. ದಾಳ ಉರುಳದೆ ಒಂದು ಚಿಲಕ ತೆಗೆಯಲೂ ಬಿಟ್ಟವನಲ್ಲ ಈ ಆಸಾಮಿ. ಡ್ರೈವರಣ್ಣ ಅದನ್ನು ಉರುಳಿಸದೆ ಮುಷ್ಟಿಯೊಳಗೆ ಹಿಡಿದು ಕೂತ.

"ಬಾಗಿಲು ತೆಗ್ದೆ," ಅಂದ ಕೊನೆಗೆ, ತನ್ನದೇ ದನಿಯಲ್ಲಿ. "ಹುಡುಗನ ತಲೆ ಕಡೆ ನಾನು ಹಿಡ್ಕೋತೀನಿ. ಉಳಿದೋರು ಬನ್ನಿ."