ಕಟ್ಟು ಬಿಚ್ಚುವ ರೆಹಾನಾ ಸಹಿ ಹಾಕಲಿಲ್ಲ

ಬೆಳಗಿನ ಆರೂವರೆ. ಚಿತ್ರದುರ್ಗದ ಹೊಸ ಕೋರ್ಟ್ ಕಟ್ಟಡದ ಹಿಂಬದಿಯ ಉದ್ದನೆಯ ಹಾಲ್‌ನಲ್ಲಿ ಆರು ಫ್ಯಾನುಗಳಿವೆ, ಒಂದೂ ತಿರುಗುತ್ತಿಲ್ಲ. ಕಿಟಕಿಗಳೂ ಮುಚ್ಚಿವೆ, ಬೇಕೆಂದೇ ಮುಚ್ಚಿದ್ದು. ಚಾಪೆಯ ಮೇಲೆ ಕಾಲು ಮಡಚಿ ಕುಳಿತ ರೆಹಾನಾ, ಹೊಳಲ್ಕೆರೆಯಿಂದ ಬಂದ ಹಳೆಯ ದಾವೆಯೊಂದರ ಕಟ್ಟನ್ನು ಮುಂದಿಟ್ಟುಕೊಂಡು ಹೊಲಿಗೆಯ ದಾರ ಬಿಡಿಸುತ್ತಿದ್ದಾರೆ. ಕಾಗದ ಹಪ್ಪಳದಂತಾಗಿದೆ. ಎರಡು ಹಾಳೆ ಅಂಟಿಕೊಂಡಿರುವ ಕಡೆ ಎಮ್ಮೆ ಕೊಂಬಿನ ಚಪ್ಪಟೆ ಕಡ್ಡಿಯೊಂದನ್ನು ನಡುವೆ ತೂರಿಸಿ, ಒಂದು ಕೂದಲೆಳೆಯಷ್ಟು ಸರಿಸಿ, ನಿಲ್ಲಿಸಿ, ಮತ್ತೆ ಸರಿಸುತ್ತಾರೆ.

"ಗಾಳಿ ಬಿಟ್ರೆ ಹಾಳೆ ಹಾರ್ತವೆ. ಬಿಸಿಲೇರಿದ್ರೆ ಕೈ ಬೆವರ್ತೈತೆ, ಬೆವರು ತಾಗಿದ್ರೆ ಶಾಯಿ ಹಬ್ಬುತ್ತೆ. ಅದಕ್ಕೇ ಈ ಹೊತ್ತು," ಎನ್ನುತ್ತಾರೆ. "ಕುಂತ್ಕಳ್ರಿ ಸಾರ್. ಆದ್ರೆ ಜೋರಾಗಿ ಉಸಿರು ಬಿಡಬ್ಯಾಡ್ರಿ."

ತಮಾಷೆಯೋ ನಿಜವೋ ತಿಳಿಯದೆ ನಾನು ಉಸಿರು ಬಿಗಿಹಿಡಿದೇ ಕೂರುತ್ತೇನೆ. ಐದು ನಿಮಿಷ ಕಳೆದ ಮೇಲೆ ಅವರು ನನ್ನ ಅವಸ್ಥೆ ನೋಡಿ ನಗುತ್ತಾರೆ.

ನಮ್ಮ ಕೋರ್ಟುಗಳು ಡಿಜಿಟಲ್ ಆಗುತ್ತಿವೆ ಎಂದು ಪತ್ರಿಕೆಯವರಾದ ನಾವು ಬೇಕಾದಷ್ಟು ಬರೆದಿದ್ದೇವೆ. ಹೊಸ ಕಟ್ಟಡದ ಫೋಟೋ ಹಾಕಿದ್ದೇವೆ, ಟೇಪು ಕತ್ತರಿಸಿದವರ ಫೋಟೋ ಅದಕ್ಕಿಂತ ದೊಡ್ಡದಾಗಿ ಹಾಕಿದ್ದೇವೆ. ಮುಂದಿನ ವಾಯಿದೆ ಯಾವತ್ತು ಎಂದು ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ನೋಡಬಹುದು ಎಂದು ಕೊಂಡಾಡಿದ್ದೇವೆ. ಆದರೆ ಸ್ಕ್ಯಾನರ್‌ನ ಬಾಯಿಗೆ ಹಾಳೆಗಳು ಬಿಡಿಬಿಡಿಯಾಗಿ ಬೀಳಬೇಕು, ಐವತ್ತು ವರ್ಷದ ಹಿಂದೆ ಹೊಲಿದಿಟ್ಟ ಕಟ್ಟನ್ನು ಹರಿಯದಂತೆ ಯಾರಾದರೂ ಬಿಚ್ಚಿಕೊಡಬೇಕು ಎನ್ನುವುದು ನನಗಂತೂ ಹೊಳೆದಿರಲಿಲ್ಲ.

ಆ ಕೆಲಸ ರೆಹಾನಾ ಅವರದು. ಚಿತ್ರದುರ್ಗದ್ದಲ್ಲದೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಹಳೆಯ ಕಡತಗಳೂ ವ್ಯಾನಿನಲ್ಲಿ ಇದೇ ಹಾಲ್‌ಗೆ ಬರುತ್ತವೆ. ದಿನಕ್ಕೆ ಎಂಟರಿಂದ ಹತ್ತು ಕಟ್ಟು, ಸುಮಾರು ಸಾವಿರದ ಐನೂರು ಹಾಳೆ. ಸ್ಕ್ಯಾನ್ ಆಗಿ ಬಂದ ಹಾಳೆಗಳನ್ನು ಮತ್ತೆ ಅದೇ ಕ್ರಮದಲ್ಲಿ ಜೋಡಿಸಿ ಹೊಲಿಯುವುದೂ ಅವರೇ. ಇಟ್ಟುಕೊಳ್ಳುವ ಅವಧಿ ಮುಗಿದ ಕಡತಗಳು ಸ್ಕ್ಯಾನ್ ಆದ ಮೇಲೆ ನಾಶದ ಪಟ್ಟಿ ಸೇರುತ್ತವೆ. ಪಟ್ಟಿ ಸೇರಿದವನ್ನು ಯಂತ್ರ ಚೂರು ಮಾಡುತ್ತದೆ. ಆಮೇಲೆ ಉಳಿಯುವುದು ಕಂಪ್ಯೂಟರಿನಲ್ಲಿರುವ ಚಿತ್ರ ಮಾತ್ರ.

ರೆಹಾನಾಗೆ ಈಗ ನಲವತ್ತಾರು. ಓದಿದ್ದು ಉರ್ದು ಶಾಲೆಯಲ್ಲಿ ಏಳನೇ ತರಗತಿ. ಅಂಕಿಗಳನ್ನು ಸಲೀಸಾಗಿ ಓದುತ್ತಾರೆ, ಕನ್ನಡವನ್ನು ಕೂಡಿಸಿ ಕೂಡಿಸಿ ಓದುತ್ತಾರೆ, ಕೋರ್ಟಿನ ಗುಮಾಸ್ತರ ಕೈಬರಹ ಮಾತ್ರ ಆಗುವುದಿಲ್ಲ. ಅದು ನನಗೂ ಆಗುವುದಿಲ್ಲ ಎಂದಾಗ ಅವರಿಗೆ ತುಸು ಸಮಾಧಾನವಾದಂತೆ ಕಂಡಿತು. ತಂದೆ ಬಡೇಸಾಬ ಊರಿನ ಹಳೆಯ ಪೇಟೆಯಲ್ಲಿ ಪುಸ್ತಕ ಕಟ್ಟುತ್ತಿದ್ದವರು. ಕಚೇರಿಗಳ ರಿಜಿಸ್ಟರು, ಶಾಲೆಯ ಹಾಜರಿ ಪುಸ್ತಕ, ಮಠದ ಹಸ್ತಪ್ರತಿ, ಮಸೀದಿಯ ಕುರಾನ್ ಎಲ್ಲವೂ ಅವರ ಕೈಯಲ್ಲಿ ಹೊಲಿಗೆ ಕಂಡಿವೆ. ಮೈದಾ ಅಂಟಿಗೆ ಹುಳು ಹತ್ತದಂತೆ ಮೈಲುತುತ್ತ ಎಷ್ಟು ಬೆರೆಸಬೇಕು ಎನ್ನುವುದನ್ನು ಮಗಳು ಕಲಿತದ್ದು ಎಂಟನೇ ವಯಸ್ಸಿನಲ್ಲಿ. ಈಗ ಬಡೇಸಾಬರಿಗೆ ಎಂಬತ್ತು ದಾಟಿದೆ, ಕೈ ನಡುಗುತ್ತದೆ, ನಾಲಿಗೆ ಮಾತ್ರ ನಡುಗುವುದಿಲ್ಲ.

"ಪುಸ್ತಕ ಯಾರ್ದಾದ್ರೂ ಇರ್ಲಿ, ಬಿಚ್ಚೋಕೆ ಮುಂಚೆ ಹಾಳೆ ಎಣಿಸ್ಬೇಕು, ಹೊಲಿಯೋಕೆ ಮುಂಚೆ ಎಣಿಸ್ಬೇಕು. ಎರಡು ಲೆಕ್ಕ ಕೂಡ್ಲಿಲ್ಲ ಅಂದ್ರೆ ಊಟಕ್ಕೆ ಏಳಂಗಿಲ್ಲ," ಎಂದು ಅವರು ಮನೆಯಲ್ಲಿ ನನ್ನನ್ನೂ ಗದರಿಸುವ ಧಾಟಿಯಲ್ಲೇ ಹೇಳಿದರು.

ಎರಡು ವರ್ಷದ ಹಿಂದೆ ಸ್ಕ್ಯಾನಿಂಗ್ ಗುತ್ತಿಗೆ ಹಿಡಿದ ಕಂಪನಿ ಈ ಕೆಲಸಕ್ಕೆ ಜನ ಹುಡುಕಿತು. ಮೊದಲ ತಿಂಗಳಲ್ಲೇ ಮೂವರು ಬಂದು ಬಿಟ್ಟುಹೋದರು. ದೂಳು ಅಂಥದ್ದು. ರೆಹಾನಾ ಮೂಗಿಗೆ ದುಪಟ್ಟಾ ಸುತ್ತಿಕೊಂಡು ಉಳಿದರು. ಬೆರಳ ತುದಿಗಳು ಬಿರಿದಿವೆ, ಚಳಿಗಾಲದಲ್ಲಿ ಕೆಮ್ಮು ಬಿಡುವುದಿಲ್ಲ. ಹಳೆಯ ಕಟ್ಟಡದಲ್ಲಿ ಹೆಂಗಸರಿಗೆ ಶೌಚಾಲಯವಿರಲಿಲ್ಲ. ಬಸ್ ನಿಲ್ದಾಣದವರೆಗೆ ನಡೆಯಬೇಕಾಗುತ್ತದೆಂದು ಮಧ್ಯಾಹ್ನದವರೆಗೆ ನೀರೇ ಕುಡಿಯುತ್ತಿರಲಿಲ್ಲವಂತೆ. "ಹೊಸ ಬಿಲ್ಡಿಂಗ್‌ನಾಗೆ ಎಲ್ಲಾ ಐತೆ. ಲಿಫ್ಟೂ ಐತೆ. ಈಗ ಹೊಟ್ಟೆ ತುಂಬ ನೀರು ಕುಡೀತೀನಿ," ಎಂದು ಬಾಟಲಿ ಎತ್ತಿ ತೋರಿಸುತ್ತಾರೆ. ನ್ಯಾಯಾಲಯದ ಆಧುನೀಕರಣದ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇದಕ್ಕಿಂತ ನೇರವಾದದ್ದು ಇನ್ನೊಂದಿಲ್ಲ.

ಇನ್ನು ಈ ಲೇಖನ ಬರೆಯಲು ಕಾರಣವಾದ ಸಂಗತಿಗೆ ಬರುತ್ತೇನೆ.

ಕಳೆದ ವರ್ಷ ಕಂಪನಿ ಹೊಸ ಸ್ಕ್ಯಾನರ್ ತಂದಿತು. ಹಾಳೆಯ ಎರಡೂ ಮಗ್ಗುಲನ್ನು ಒಂದೇ ಸಲಕ್ಕೆ ಹಿಡಿಯುವ, ಹಳೆಯದಕ್ಕಿಂತ ನಾಲ್ಕು ಪಟ್ಟು ವೇಗದ ಯಂತ್ರ. ಅದನ್ನು ನಡೆಸುವವರು ಭರಮಸಾಗರದ ಕೊಟ್ರೇಶ್, ಮೂವತ್ತೆಂಟರ ಶಾಂತ ಸ್ವಭಾವದ ಮನುಷ್ಯ. ಪ್ರತಿ ಕಟ್ಟಿಗೂ ಒಂದು ರಿಜಿಸ್ಟರಿನಲ್ಲಿ ಮೂರು ಸಹಿ ಬೀಳಬೇಕು: ಬಿಚ್ಚಿದವರದು, ಸ್ಕ್ಯಾನ್ ಮಾಡಿದವರದು, ಪರಿಶೀಲಿಸಿದವರದು. ಕೊಟ್ಟಷ್ಟು ಹಾಳೆ ವಾಪಸ್ ಬಂದಿವೆ ಎನ್ನುವುದಕ್ಕೆ ರೆಹಾನಾ ಸಹಿ ಹಾಕುತ್ತಾರೆ. ಮೂರೂ ಸಹಿ ಬೀಳದೆ ಯಾವ ಕಟ್ಟೂ ನಾಶದ ಪಟ್ಟಿಗೆ ಹೋಗುವಂತಿಲ್ಲ.

ಮೂರು ತಿಂಗಳು ಎಲ್ಲ ಸುಸೂತ್ರವಾಗಿ ನಡೆಯಿತು. ಒಂದು ದಿನ ಹೊಸದುರ್ಗ ತಾಲ್ಲೂಕಿನ ಮತ್ತೋಡಿನ ಕಡತವೊಂದು ಬಂತು. ಅದರಲ್ಲಿ ಒಂದು ಹಾಳೆ ಹಿಂದಿನದಕ್ಕೆ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಬಿಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ಬಿಡಿಸಿ ನೋಡಿದರೆ ಹಿಂಬದಿಯಲ್ಲಿ ಮಾಸಿದ ನೇರಳೆ ಹೆಬ್ಬೆಟ್ಟು, ಅದರ ಪಕ್ಕ ಮೂರು ಸಾಲು ಬರಹ. ಅಷ್ಟು ಕಷ್ಟಪಟ್ಟದ್ದು ಕಂಪ್ಯೂಟರಿನಲ್ಲಿ ಹೇಗೆ ಬಂದಿದೆ ನೋಡೋಣ ಎಂಬ ಆಸೆಯಿಂದ ಅವರು ಕೊಟ್ರೇಶರ ಟೇಬಲ್ಲಿಗೆ ಹೋದರು. ಮುಂಬದಿ ಇತ್ತು. ಹಿಂಬದಿ ಇರಲಿಲ್ಲ.

"ಹಿಂದೆ ಖಾಲಿ ಇರ್ತದೆ ರೆಹಾನಕ್ಕ, ಮಿಷನ್ ಖಾಲಿ ಪುಟ ತಾನೇ ತೆಗೆದು ಹಾಕ್ತದೆ" ಎಂದರು ಕೊಟ್ರೇಶ್.

"ಖಾಲಿ ಇಲ್ಲಪ್ಪ ಕೊಟ್ರೇಶ. ನಾನೇ ಬಿಡಿಸೀನಿ. ಹೆಬ್ಬೆಟ್ಟು ಐತೆ."

ಯಂತ್ರದಲ್ಲಿ ಖಾಲಿ ಪುಟ ಬಿಡುವ ಒಂದು ವ್ಯವಸ್ಥೆ ಇತ್ತು. ಜಾಗ ಉಳಿಯಲಿ ಎಂದು ಕಂಪನಿಯವರು ಅದನ್ನು ಚಾಲೂ ಮಾಡಿಟ್ಟಿದ್ದರು. ಮಾಸಿದ ಶಾಯಿ, ಪೆನ್ಸಿಲ್ ಬರಹ, ತೆಳುವಾದ ಮೊಹರು ಎಲ್ಲವೂ ಯಂತ್ರದ ಕಣ್ಣಿಗೆ ಖಾಲಿಯೇ. ಕೋರ್ಟಿನ ಕಾಗದ ಕಂಡವರಿಗೆ ಗೊತ್ತು, ಹಾಜರುಪಡಿಸಿದ ದಾಖಲೆಯ ಗುರುತು, ಸಾಕ್ಷಿಯ ಹೆಬ್ಬೆಟ್ಟು, ಛಾಪಾ ಕಾಗದ ಕೊಂಡವರ ಹೆಸರು ಎಲ್ಲ ಬೀಳುವುದು ಹಾಳೆಯ ಬೆನ್ನಿಗೇ. ಹೀಗೆ ಮೂರು ತಿಂಗಳಲ್ಲಿ ಸ್ಕ್ಯಾನ್ ಆದದ್ದು ಆರುನೂರ ಎಪ್ಪತ್ತೆಂಟು ಕಟ್ಟು. ಅವುಗಳಲ್ಲಿ ಮೂವತ್ತೆಂಟು ಆಗಲೇ ಚೂರಾಗಿದ್ದವು. ಉಳಿದ ಆರುನೂರ ನಲವತ್ತು ಸರದಿಯಲ್ಲಿ ನಿಂತಿದ್ದವು.

ಕಂಪನಿಯ ಮೇಲ್ವಿಚಾರಕ ಯಂತ್ರದ ವ್ಯವಸ್ಥೆಯನ್ನು ಅವತ್ತೇ ಸರಿಮಾಡಿಸಿದ. ಇನ್ನು ಮುಂದೆ ತಪ್ಪಾಗುವುದಿಲ್ಲ, ಹಿಂದಿನದನ್ನು ಕೆದಕುವುದು ಬೇಡ ಎಂದ. ಹೊಸ ಕಟ್ಟಡಕ್ಕೆ ಹೋಗಲು ಎರಡೇ ತಿಂಗಳಿತ್ತು, ಅಷ್ಟರೊಳಗೆ ಹಳೆಯ ರ್‍ಯಾಕುಗಳು ಖಾಲಿಯಾಗಬೇಕಿತ್ತು. ಹೊಸ ಯಂತ್ರ ಬಂದ ಗಡಿಬಿಡಿಯಲ್ಲಿ ಸುಮಾರು ನಾಲ್ಕುನೂರು ಕಟ್ಟುಗಳಿಗೆ ರೆಹಾನಾ ಸಹಿ ಬಾಕಿಯಿತ್ತು. ಆತ ರಿಜಿಸ್ಟರನ್ನು ಮುಂದೆ ತಳ್ಳಿದ. ರೆಹಾನಾ ಪೆನ್ನು ಮುಟ್ಟಲಿಲ್ಲ. ಹಿಂದೆ ಹಾಕಿದ್ದ ಇನ್ನೂರ ನಲವತ್ತು ಸಹಿಗಳನ್ನೂ ಹೊಡೆದುಹಾಕಬೇಕೆಂದು ಪಟ್ಟು ಹಿಡಿದರು.

"ನಿನ್ನ ಸಹಿ ಹಾಳೆಗೆ ಮಾತ್ರ ಕಣಮ್ಮ, ಹಾಳೆ ಎಲ್ಲಾ ವಾಪಸ್ ಬಂದಿದಾವಲ್ಲ, ನಿಂಗೇನು ಅಂದ್ರು," ಎಂದು ಅವರು ನೆನೆಯುತ್ತಾರೆ. "ನಾನಂದೆ, ಹಾಳೆಗೆ ಎರಡು ಮಗ್ಗುಲು ಇರ್ತವೆ ಸಾರ್. ಒಂದು ಮಗ್ಗುಲಿಗೆ ಅರ್ಧ ಸೈನು ಹಾಕಕ್ಕೆ ನಂಗೆ ಬರಲ್ಲ."

ಬೇರೆಯವರನ್ನು ಕರೆತರುತ್ತೇವೆ ಎಂದು ಕಂಪನಿಯವರು ಹೆದರಿಸಿದರು. ಕರೆತರ್ರಿ ಎಂದರು ಇವರು. ನಾಳೆಯಿಂದ ಬರಬೇಡ ಎಂದರು. ಮರುದಿನ ಬೆಳಿಗ್ಗೆ ಆರೂವರೆಗೆ ರೆಹಾನಾ ಯಥಾಪ್ರಕಾರ ಬಂದು ಚಾಪೆ ಹಾಸಿದರು. ಹೀಗೆ ಹತ್ತೊಂಬತ್ತು ದಿನ. ಹೊಸ ಕಟ್ಟು ಬಿಚ್ಚುತ್ತಿದ್ದರು, ಹೊಲಿಯುತ್ತಿದ್ದರು, ಹಳೆಯದಕ್ಕೆ ಮಾತ್ರ ಜಪ್ಪಯ್ಯ ಎಂದರೂ ಸಹಿ ಇಲ್ಲ. ಆ ದಿನಗಳಲ್ಲಿ ಕೆಲಸ ಹೋದೀತೆಂಬ ಭಯವಿತ್ತು ಎಂದು ಅವರೇ ಒಪ್ಪಿಕೊಳ್ಳುತ್ತಾರೆ. ಗಂಡ ಮುಜಾಹಿದ್ ಆಟೋ ಓಡಿಸುತ್ತಾರೆ, ಇಬ್ಬರ ದುಡಿಮೆ ಸೇರಿದರೇ ಸಂಸಾರ.

ರೆಕಾರ್ಡ್ ರೂಮಿನ ಹೊಣೆ ಆಗ ಪಂಚಾಕ್ಷರಪ್ಪನವರದು. ಈಗ ನಿವೃತ್ತರು. ಮೊದಲು ಅವರಿಗೂ ರೇಗಿತ್ತಂತೆ. "ಸ್ಥಳಾಂತರದ ಗಲಾಟೆಯಾಗೆ ಇವಳದೊಂದು ತಕರಾರು ಅನ್ಕಂಡೆ. ಇಪ್ಪತ್ತನೇ ದಿನ ನನ್ನ ಟೇಬಲ್ ಮುಂದೆ ಹತ್ತು ಕಟ್ಟು ತಂದಿಟ್ಲು. ಸಾಹೇಬ್ರೆ, ನಂಗೆ ಓದಕ್ಕೆ ಬರಲ್ಲ, ನೀವು ಓದ್ರಿ, ಹಿಂದಿನ ಬರಹ ಬ್ಯಾಡ ಅನ್ನಿಸಿದ್ರೆ ಇಲ್ಲೇ ಸೈನ್ ಹಾಕ್ತೀನಿ ಅಂದ್ಲು. ಹಿಂಬದಿ ಓದ್ತಾ ಹೋದೆ. ಮೂರನೇ ಕಟ್ಟಿಗೇ ವರದಿ ಬರೆಯಾಕೆ ಕಾಗದ ತಗಂಡೆ," ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಅಂದೇ ಮೇಲಿನವರಿಗೆ ವರದಿ ಹೋಯಿತು. ನಾಶದ ಪಟ್ಟಿಗೆ ತಡೆ ಬಿತ್ತು. ಆರುನೂರ ನಲವತ್ತನ್ನೂ ಕಂಪನಿ ಮತ್ತೆ ಸ್ಕ್ಯಾನ್ ಮಾಡಬೇಕೆಂದು ಆದೇಶವಾಯಿತು.

ಮತ್ತೆ ಸ್ಕ್ಯಾನ್ ಮಾಡುವುದು ಎಂದರೆ ಮತ್ತೆ ಬಿಚ್ಚುವುದು. ಒಮ್ಮೆ ಬಿಚ್ಚಿ ಹೊಲಿದ ಹಳೆಯ ಕಾಗದ ಎರಡನೇ ಸಲ ದಬ್ಬಣ ತಡೆಯುವುದು ಕಷ್ಟ. ಹೊಸ ತೂತು ಹಾಕುವಂತಿಲ್ಲ, ಹಳೆಯ ತೂತಿನಲ್ಲೇ ದಾರ ಹೋಗಬೇಕು, ಹರಿದ ಅಂಚಿಗೆ ತೆಳು ಕಾಗದದ ಪಟ್ಟಿ ಅಂಟಿಸಬೇಕು. ಪಟ್ಟು ಹಿಡಿಯುವಾಗಲೇ ಈ ಕೆಲಸವೆಲ್ಲ ತನ್ನ ಬೆರಳಿಗೇ ಬರುತ್ತದೆಂದು ರೆಹಾನಾಗೆ ಗೊತ್ತಿತ್ತು. ಎಪ್ಪತ್ತೆರಡು ದಿನದಲ್ಲಿ ಮುಗಿಸಿದರು, ರಜೆಯ ದಿನಗಳೂ ಸೇರಿ. ಒಂದು ಹಾಳೆಯೂ ಹರಿಯಲಿಲ್ಲವೇ ಎಂದು ಕೇಳಿದೆ. "ನಾಕು ಹರಿದ್ವು. ರಿಜಿಸ್ಟರ್‌ನಾಗೆ ಬರೆಸೀನಿ," ಎಂದರು.

ಮತ್ತೋಡಿನ ಆ ಹೆಬ್ಬೆಟ್ಟು ಅದೇ ಊರಿನ ಮರುಳಸಿದ್ದಮ್ಮ ಎಂಬವರ ತಾಯಿಯದು. ಅಣ್ಣತಮ್ಮಂದಿರ ನಡುವಿನ ಹಳೆಯ ಪಾಲಿನ ಕರಾರಿನ ಹಿಂಬದಿಯಲ್ಲಿ, ಮೂಡಲ ಬಾವಿಯ ನೀರಿನಲ್ಲಿ ವಾರಕ್ಕೆರಡು ದಿನದ ಸರದಿ ಮಗಳಿಗೂ ಉಂಟು ಎಂದು ಆ ತಾಯಿ ಬರೆಸಿ ಒತ್ತಿದ್ದರು. ಮೊನ್ನೆ ಸಂಬಂಧಿಕರು ಆ ಬಾವಿಯ ಪಂಪಿನ ಮನೆಗೆ ಬೀಗ ಹಾಕಿದಾಗ ಮರುಳಸಿದ್ದಮ್ಮ ಹೊಸದುರ್ಗ ಕೋರ್ಟಿನ ಇ-ಸೇವಾ ಕೇಂದ್ರಕ್ಕೆ ಹೋಗಿ ನಕಲು ಕೇಳಿದರು. "ಮೊದಲೆಲ್ಲ ನಕಲಿಗೆ ಆರಾರು ತಿಂಗಳು ತಿರುಗ್ಬೇಕಿತ್ತು. ಈಗ ಕುರ್ಚಿ ಮ್ಯಾಲೆ ಕೂರಿಸಿ, ಹತ್ತೇ ನಿಮಿಷಕ್ಕೆ ಕೊಟ್ರು. ನಮ್ಮವ್ವನ ಹೆಬ್ಬೆಟ್ಟು ಅದ್ರಾಗೆ ಹಂಗೇ ಐತೆ," ಎಂದು ಆಕೆ ಫೋನಿನಲ್ಲಿ ಹೇಳಿದರು. ಬೀಗ ತೆಗೆದಿದ್ದಾರೆ. ರೆಹಾನಾ ಯಾರೆಂದು ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಿದೆ.

ಈ ಸುದ್ದಿ ತಿಳಿಸಿದರೆ ರೆಹಾನಾ ಹಿಗ್ಗುತ್ತಾರೆ ಎಂದುಕೊಂಡಿದ್ದೆ. ಹಿಗ್ಗಿದರು, ನಿಜ. ಆದರೆ ತುಸು ಹೊತ್ತಿಗೇ ಅವರ ಮಾತು ಮೂವತ್ತೆಂಟರ ಕಡೆ ತಿರುಗಿತು.

"ಆ ಮೂವತ್ತೆಂಟಕ್ಕೂ ನಂದೇ ಸೈನ್ ಐತೆ ಸಾರ್. ಹಾಳೆ ಎಣಿಸ್ದೆ, ಮಗ್ಗುಲು ಎಣಿಸ್ಲಿಲ್ಲ. ನಮ್ಮ ಅಬ್ಬಾ, ನಮ್ಮಪ್ಪ, ಇವತ್ತಿಗೂ ಬೈತಾರೆ. ಬೈಯೋದು ಸರಿ ಐತೆ."

ತಪ್ಪು ಯಂತ್ರ ಹೊಂದಿಸಿದವರದು, ನಿಮ್ಮದಲ್ಲ ಎಂದೆ. ಅವರು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಚೂರಾದ ಕಾಗದ ವಾಪಸ್ ಬರುವುದಿಲ್ಲ. ಆದರೆ ಆ ದಾವೆಗಳಲ್ಲಿದ್ದವರ ಮನೆಯಲ್ಲಿ, ವಕೀಲರ ಬೀರುವಿನಲ್ಲಿ ಹಳೆಯ ದೃಢೀಕೃತ ನಕಲು ಇದ್ದೀತು. ಅದನ್ನು ತಂದರೆ ಎರಡೂ ಬದಿ ಸ್ಕ್ಯಾನ್ ಮಾಡಿ ಕಡತಕ್ಕೆ ಸೇರಿಸಲು ಅನುಮತಿ ಸಿಕ್ಕಿದೆ. ಅದಕ್ಕೆ ಅರ್ಜಿ ಬರೆಸಿದ್ದೂ ರೆಹಾನಾ. ಭಾನುವಾರಗಳಲ್ಲಿ ಮುಜಾಹಿದ್‌ರ ಆಟೋ ಹತ್ತಿ ಊರೂರು ತಿರುಗುತ್ತಾರೆ. ಯಲ್ಲದಕೆರೆಯಲ್ಲಿ ಒಂದು ನಕಲು ಅಕ್ಕಿಯ ಡಬ್ಬಿಯಲ್ಲಿ ಸಿಕ್ಕಿತು. ಹೊಳಲ್ಕೆರೆಯ ಒಬ್ಬರು ನಾಯಿ ಬಿಟ್ಟರು, ಎರಡನೇ ಸಲ ಹೋದಾಗ ಚಹಾ ಕೊಟ್ಟು ಟ್ರಂಕು ತೆರೆದರು. ಇಲ್ಲಿಯವರೆಗೆ ಏಳು ಸಿಕ್ಕಿವೆ.

ಹೊರಡುವ ಮುನ್ನ ಲೇಖನಕ್ಕೊಂದು ಚಿತ್ರವಿರಲಿ ಎಂದು ಮೊಬೈಲ್ ಎತ್ತಿದೆ. ರೆಹಾನಾ ಕೈ ಅಡ್ಡ ಹಿಡಿದರು.

"ನನ್ನ ಫೋಟೋ ಪೇಪರ್‌ನಾಗೆ ಎಷ್ಟು ಜಾಗ ಹಿಡೀತೈತೆ ಸಾರ್?"

ಅಂಗೈಯಗಲ ಎಂದೆ.

ಅವರು ತಮ್ಮ ಅಂಗೈಯನ್ನು ಬಿಡಿಸಿ ನೋಡಿಕೊಂಡರು. ಆಮೇಲೆ ರಿಜಿಸ್ಟರಿನೊಳಗಿಂದ ಒಂದು ಹಾಳೆ ತೆಗೆದು ನನ್ನ ಕೈಗಿಟ್ಟರು. ದುಂಡಗಿನ ಅಂಕಿಗಳಲ್ಲಿ, ಎರಡೂ ಮಗ್ಗುಲಿಗೆ ಬರೆದಿದ್ದರು.

"ಹಂಗಾದ್ರೆ ಫೋಟೋ ಬ್ಯಾಡ್ರಿ. ಅಷ್ಟು ಜಾಗದಾಗೆ ಉಳಿದ ಮೂವತ್ತೊಂದು ಕೇಸಿನ ನಂಬರ್ ಹಿಡೀತವೆ. ಅಕ್ಷರ ಸಣ್ಣಗಾದ್ರೂ ಚಿಂತಿಲ್ಲ, ಅವ್ರವ್ರ ನಂಬರ್ ಅವ್ರವ್ರಿಗೆ ಕಾಣ್ತೈತೆ."