ಶೈಲಾ ಹಗ್ಗ ಎಳೆದಳೇ?

ಆ ಭಾನುವಾರ ನನ್ನ ಹೆಂಡತಿ ಶೈಲಾ ಹಗ್ಗ ಎಳೆದಳೋ ಇಲ್ಲವೋ, ನನಗೆ ಖಾತ್ರಿಯಿಲ್ಲ. ಎಳೆದಳು ಎಂದು ನನ್ನ ನೆನಪು. ಇಲ್ಲ ಎನ್ನುತ್ತಾಳೆ ಅವಳು. ನಾನು ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡುವವನು. ನಮಗೆ ಬೇಕಾದದ್ದನ್ನು ನೆನಪು ಹೇಗೆ ಹೆಣೆದು ಕೊಡುತ್ತದೆ ಎಂದು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಹಾಗಾಗಿ ನನ್ನ ಮಾತನ್ನು ನಾನೇ ನಂಬುವಂತಿಲ್ಲ.

ನಮ್ಮ ವಿಜಯಪುರದಲ್ಲಿ ಒಂದು ದಿನದ ತಿರುಗಾಟವೆಂದರೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿ ಯಾವುದಾದರೂ ಗುಮ್ಮಟದ ನೆರಳಲ್ಲಿ ಬಿಚ್ಚುವುದು. ಮಂಗಳೂರಿನವರು ರಜೆ ಸಿಕ್ಕರೆ ನೀರಿಗಿಳಿಯುತ್ತಾರೆ. ಕೆಲಸಕ್ಕೆಂದು ಮಂಗಳೂರಿನ ಪಕ್ಕದ ಸುರತ್ಕಲ್‌ಗೆ ಬಂದ ಮೇಲೆ ನಾನೂ ಪ್ರತಿ ಭಾನುವಾರ ಹೊಸದೊಂದು ಹುಡುಕುತ್ತಿದ್ದೆ. ನದಿಯಲ್ಲಿ ಕಯಾಕ್ ಆಯಿತು, ಸರ್ಫಿಂಗ್ ಕಲಿಯಲು ಹೋಗಿ ಉಪ್ಪುನೀರು ಕುಡಿದದ್ದೂ ಆಯಿತು. ಮೋಜಿಗಿಂತ ಹೆದರಿಕೆಯೇ ಹೆಚ್ಚು. ಮನೆಯಲ್ಲಿ ಸುಮ್ಮನೆ ಕೂತರೆ ಶೈಲಾ ಆ ಮಾತು ತೆಗೆಯುತ್ತಿದ್ದಳು:

"ಒಂದ್ ವರ್ಷ ನೋಡ್ತೀನ್ರಿ. ಮನಸ್ಸು ಹತ್ತಲಿಲ್ಲಂದ್ರ ನಾ ಊರಿಗೆ ಹೋಗಾಕಿ. ನೀವ್ ಬೇಕಾದ್ರ ಇಲ್ಲೇ ಇರ್ರಿ."

ಆ ಬೆಳಿಗ್ಗೆ ನಮ್ಮ ಮನೆ ಮಾಲೀಕ ಜಯರಾಮಣ್ಣ, ಗಲ್ಫಿನಿಂದ ಮರಳಿದವರು, ಕೈರಂಪಣಿ ಎಂಬ ಮೀನುಗಾರಿಕೆ ನೋಡಲು ನಮ್ಮನ್ನು ದಂಡೆಗೆ ಕರೆದೊಯ್ದರು. ದೋಣಿಯಲ್ಲಿ ಹೋಗಿ ಕಡಲಲ್ಲಿ ಬಲೆ ಬಿಟ್ಟು ಬರುತ್ತಾರೆ. ಅದರ ಎರಡೂ ತುದಿಯ ಹಗ್ಗಗಳನ್ನು ಜನ ದಂಡೆಯಲ್ಲಿ ನಿಂತು ಎಳೆಯುತ್ತಾರೆ.

"ಎಂತ ಮಾರಾಯ್ರೆ, ಸಿನಿಮಾ ನೋಡ್ಲಿಕ್ಕೆ ಬಂದದ್ದಾ? ಕೈ ಹಾಕಿ!" ಎಂದರು ಜಯರಾಮಣ್ಣ.

ಹಾಕಿದೆ. ನಾನು ಎಳೆಯುತ್ತಿದ್ದೇನೆ ಎಂದುಕೊಂಡರೆ, ಕಡಲು ನನ್ನನ್ನು ಎಳೆಯುತ್ತಿತ್ತು. ಕಾಲಡಿಯ ಮರಳು ಜಾರಿತು. "ಒಯ್ಪುಲೆ!" ಎಂದು ಯಾರೋ ಕೂಗಿದರು, ತುಳುವಿನಲ್ಲಿ 'ಎಳೆಯಿರಿ' ಎಂದು. ಹಿಂದಿನಿಂದ ಶೈಲಾಳ ದನಿ: "ಎಳೀರಿ, ಉಂಡಿದ್ದೆಲ್ಲಾ ಎಲ್ಲಿ ಹೋತು?" ಹಗ್ಗ ತುಸು ಹಗುರಾಯಿತು. ತಿರುಗಿ ನೋಡಿದರೆ ದುಪಟ್ಟಾ ಸೊಂಟಕ್ಕೆ ಬಿಗಿದು ಅವಳೂ ಎಳೆಯುತ್ತಿದ್ದಳು, ನಗುತ್ತಿದ್ದಳು. ಇಲ್ಲಿಗೆ ಬಂದ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು. ಹೀಗೆಂದು ನನ್ನ ನೆನಪು.

ಬಲೆ ಬಂದ ಮೇಲೆ ಮೀನಿನ ಪಾಲು ಹಂಚಿದರು. ನಾವು ಮೀನು ತಿನ್ನದವರು.

"ಬೇಡ ಅನ್ಬೇಡಿ, ಅವರಿಗೆ ಬೇಜಾರಾಗ್ತದೆ. ತಿನ್ಲಿಕ್ಕೆ ನಮ್ಮ ಮನೆ ಉಂಟಲ್ಲ!" ಎಂದು ಜಯರಾಮಣ್ಣ ತಮ್ಮ ಚೀಲ ಬಿಚ್ಚಿದರು.

ಸಂಜೆ ತಾಯಿಯ ಫೋನ್ ಬಂದಾಗ ಶೈಲಾ ಹೇಳಿದ್ದು: "ಇಲ್ಲವ್ವ, ಬರೇ ನೋಡಿದ್ವಿ. ಮೀನು ಹಿಡಿಯೋ ಹಗ್ಗ ನಾ ಯಾಕ ಮುಟ್ಲಿ?" ಆಮೇಲೆ ನನ್ನೆದುರಿಗೂ ಅದೇ: "ನಾ ನಿಮ್ಮ ಚಪ್ಪಲಿ ಕಾಯ್ಕೋತ ನಿಂತಿದ್ದೆ."

ಅವಳ ವರ್ಷ ಮುಗಿಯುತ್ತ ಬಂದಿದೆ. ಇಲ್ಲಿ ನಾವು ಘಟ್ಟದ ಮೇಲಿನವರು. ರಜೆಗೆ ಊರಿಗೆ ಹೋದರೆ ಮಂಗಳೂರಿನವರು. ನನಗಿದು ರೂಢಿಯಾಗಿದೆ. ಅವಳಿಗೆ ಆಗಿದೆಯೋ ಎಂದು ಕೇಳುವ ಧೈರ್ಯವಿಲ್ಲ. ಅದರ ಬದಲು, ಆ ದಿನ ಚೀಲಕ್ಕೆ ಎಷ್ಟು ಪಾಲು ಬಿತ್ತು ಎಂದು ಮೊನ್ನೆ ಜಯರಾಮಣ್ಣನನ್ನು ಕೇಳಿದೆ.

"ಮೂರು. ನಂದು, ನಿಮ್ಮದು, ಮೇಡಂದು. ಮೇಡಂ ಮೂಗು ಮುಚ್ಚಿಕೊಂಡು ಅವರೇ ಹಾಕಿದ್ದಲ್ವಾ?"

ಹೆಂಗಸರೆಂದು ಸುಮ್ಮನೆ ಕೊಟ್ಟಿರಬಹುದೇ ಎಂಬ ಅನುಮಾನ ಉಳಿಯಿತು. ದಂಡೆಗೆ ಹೋಗಿ ಬಲೆಯ ಯಜಮಾನರನ್ನೇ ವಿಚಾರಿಸಿದೆ. ನೋಡುತ್ತ ನಿಂತವರಿಗೆ, ಯಾರೇ ಇರಲಿ, ಪಾಲಿಲ್ಲ. ಹಗ್ಗ ಎಳೆದವರಿಗೆ ಮಾತ್ರ.