ಅಕ್ಕನ ಧ್ವನಿಯಲ್ಲಿ ಕೂಗಿದ ಚರಗ

ನಾನು ಚಿಕ್ಕವನಿದ್ದಾಗ ಪುಣೆಯಲ್ಲಿ ನಮಗೆ ಅಂಗೈಯಗಲ ಹೊಲವೂ ಇರಲಿಲ್ಲ. ಆದರೂ ವರ್ಷಕ್ಕೆ ಐದಾರು ಸಲ ಹೊಲದಲ್ಲಿ, ಗುಡ್ಡದಲ್ಲಿ, ಮರದ ಕೆಳಗೆ ಕೂತು ಉಣ್ಣುತ್ತಿದ್ದೆವು. ಅದು ಎಪ್ಪತ್ತರ ದಶಕ. ಅಪ್ಪ ಕಲಬುರಗಿ ಕಡೆಯಿಂದ ಗೌಂಡಿ ಕೆಲಸಕ್ಕೆ ಬಂದವನು. ಪರ್ವತಿ ಗುಡ್ಡದ ಬುಡದಲ್ಲಿ ನಮ್ಮ ತಗಡಿನ ಮನೆ. ವಾರವೆಲ್ಲ ಊರಮಂದಿಗೆ ಗೋಡೆ ಕಟ್ಟುವ ಅಪ್ಪನಿಗೆ ಹಬ್ಬದ ದಿನ ಗೋಡೆ ಕಂಡರೆ ಆಗುತ್ತಿರಲಿಲ್ಲ. "ಮನ್ಯಾಗ ದಿನಾ ಉಣತೀವಿ. ಹಬ್ಬ ಅಂದ್ರ ಭೂಮ್ತಾಯಿ ಸಂಗಾಟ ಉಣಬೇಕು," ಎನ್ನುತ್ತಿದ್ದ.

ಹಾಗಾಗಿ ಪಂಚಮಿ ಬಂತೆಂದರೆ ಹಗ್ಗ ಹೊತ್ತು, ಜೋಕಾಲಿ ಕಟ್ಟಲು ಊರಾಚೆ ಆಲದ ಮರ ಹುಡುಕುತ್ತ ಹೊರಡುತ್ತಿದ್ದೆವು. ಮಳೆ ಹಿಡಿದರೆ ಕಾತ್ರಜ ಘಾಟಿನ ಝರಿಗೆ ತಲೆಯೊಡ್ಡಿ ನಿಂತು ಅವ್ವನಿಂದ ಬೈಸಿಕೊಳ್ಳುತ್ತಿದ್ದೆವು. ಬೇಸಿಗೆಯಲ್ಲಿ ಗುಡ್ಡ ಹತ್ತಿ ಕವಳಿ ಹಣ್ಣು ತಿಂದು ತುಟಿಯೆಲ್ಲ ಅಂಟು ಮಾಡಿಕೊಂಡು ಬರುತ್ತಿದ್ದೆವು. ಇದಕ್ಕೆಲ್ಲ ಮುಂದಾಳು ನಮ್ಮ ಅಕ್ಕ. ನನಗಿಂತ ಐದು ವರ್ಷ ದೊಡ್ಡವಳು. ಅವಳ ಬಾಯಿ ಜೋರು, ಕಾಲು ಅದಕ್ಕಿಂತ ಜೋರು. ನಾನೋ ಶುದ್ಧ ಸೋಮಾರಿ, ಅರ್ಧ ದಾರಿಯಲ್ಲೇ ಕುಕ್ಕರಿಸುವವನು. "ಏಳೋ ಗುಂಡಕಲ್ಲ!" ಎಂದು ಅವಳು ಬೆನ್ನಿಗೊಂದು ಗುದ್ದಿ ಎಬ್ಬಿಸುತ್ತಿದ್ದಳು.

ಎಲ್ಲಕ್ಕಿಂತ ದೊಡ್ಡ ಹಬ್ಬ ಎಳ್ಳಮಾಸಿ, ಅಂದರೆ ಚಳಿಗಾಲದ ಎಳ್ಳ ಅಮಾವಾಸ್ಯೆ. ಆ ದಿನ ನಮ್ಮ ಕಡೆಯವರು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಬೆಳೆಗೆ ಉಣಿಸುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಮುಂದಿನವರು "ಹುಲ್ಲುಲ್ಲಿಗೋ!" ಎಂದು ಕೂಗಿ ಅನ್ನ, ರೊಟ್ಟಿಯ ಚೂರು ಚೆಲ್ಲುತ್ತ ಹೊಲ ಸುತ್ತಬೇಕು. ಹಿಂದಿನವರು "ಚೆಲ್ಲಂಬ್ರಿಗೋ!" ಎಂದು ಉತ್ತರ ಕೊಟ್ಟು ನೀರು ಚಿಮುಕಿಸಬೇಕು. ಹಿಡಿದ ಸುತ್ತು ಅರ್ಧಕ್ಕೆ ಬಿಡಬಾರದು, ಕೂಗು ಕಡಿಯಬಾರದು ಎಂಬುದು ನಮ್ಮ ಮನೆಯ ಕಟ್ಟಳೆ. ಹೊಲವಿಲ್ಲದ ನಾವು ಕಾತ್ರಜದ ಒಬ್ಬ ಮರಾಠಿ ಆಜಿಯ ಜೋಳದ ಹೊಲದಲ್ಲಿ ಚರಗ ಚೆಲ್ಲುತ್ತಿದ್ದೆವು. ಅದಕ್ಕೆ ಬದಲಾಗಿ ಅಪ್ಪ ಪ್ರತಿವರ್ಷ ಅವಳ ಹೊಲದ ಕಲ್ಲಿನ ಬದು ಸರಿಮಾಡಿಕೊಡುತ್ತಿದ್ದ. ಒಳ್ಳೆಯ ಅನ್ನವನ್ನು ಮಣ್ಣಿಗೆ ಎಸೆಯುವ ನಮ್ಮನ್ನು ಕಂಡು ಆಜಿ "ವೇಡೇ ಕಾನಡಿ!" ಎನ್ನುತ್ತಿದ್ದಳು. ಹುಚ್ಚು ಕನ್ನಡದವರು ಎಂದರ್ಥ. ಬಯ್ದು ಮುಗಿಸಿ ತಾನೂ ಬಂದು ನಮ್ಮ ಜೊತೆ ಉಣ್ಣುತ್ತಿದ್ದಳು.

ನನಗೆ ಎಂಟು ವರ್ಷವಿದ್ದಾಗಿನ ಎಳ್ಳಮಾಸಿಯ ಮಾತು ಇದು. ಆ ವರ್ಷ ಮಳೆಗಾಲದಲ್ಲಿ ಅಕ್ಕನಿಗೆ ಜ್ವರ ಬಂದು ಮೊಣಕಾಲು, ಮೊಣಕೈ ಎಲ್ಲ ಬಾತುಕೊಂಡವು. ಜ್ವರ ಇಳಿಯಿತು, ಆದರೆ ಎದೆ ಸರಿಹೋಗಲಿಲ್ಲ. ಹೃದಯ ದುರ್ಬಲವಾಗಿದೆ, ದಣಿಸಬೇಡಿ, ಉಸಿರು ಕಟ್ಟಿದರೆ ತಡಮಾಡದೆ ಕರೆದುಕೊಂಡು ಬನ್ನಿ ಎಂದು ಡಾಕ್ಟರು ಹೇಳಿದ್ದರು. ಅಂದಿನಿಂದ ಅಕ್ಕ ಮನೆಯೊಳಗೇ ಇದ್ದಳು. ದಸರೆ ಹೋಯಿತು, ದೀಪಾವಳಿ ಹೋಯಿತು, ಅವಳು ಹೊಸ್ತಿಲು ದಾಟಲಿಲ್ಲ.

"ಈ ಸಲ ಎಳ್ಳಮಾಸಿ ಮನ್ಯಾಗೇ ಮಾಡೋಣ್ರಿ," ಎಂದಳು ಅವ್ವ. "ಹುಡುಗಿ ಒಂದು ತಂಬಗಿ ನೀರು ಎತ್ತಲಾರದಂಗ ಆಗ್ಯಾಳ."

ಅಕ್ಕ ಅಳುತ್ತಿದ್ದವಳಲ್ಲ. ಅವತ್ತು ಅತ್ತಳು. "ಯಪ್ಪಾ, ಮಲಗಿ ಮಲಗಿ ಈ ತಗಡು ನೋಡಿ ಸಾಕಾಗ್ಯದ. ಒಂದೇ ಸಲ ಕರಕೊಂಡು ಹೋಗು. ನಿನ್ನ ಕಾಲಿಗಿ ಬೀಳ್ತೀನಿ," ಎಂದಳು. ಅಪ್ಪನಿಗೆ ತಡೆಯಲಾಗಲಿಲ್ಲ. "ನಡಿ ಯವ್ವಾ, ಹೊತ್ತುಕೊಂಡು ಹೋಗ್ತೀನಿ," ಎಂದ.

ಮರುದಿನ ಕಾತ್ರಜದವರೆಗೆ ಬಸ್ಸು, ಅಲ್ಲಿಂದ ಅಪ್ಪನ ಬೆನ್ನು. ಬುಟ್ಟಿಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡಬು, ಶೇಂಗಾ ಹೋಳಿಗೆ, ಹತ್ತಾರು ಸೊಪ್ಪು ಮತ್ತು ಹಸಿಕಾಳು ಕೂಡಿಸಿ ಕುದಿಸಿದ ಭಜ್ಜಿ. ಚಳಿಗೆ ನನ್ನ ಮೂಗು ಸೋರುತ್ತಿತ್ತು. ಜೋಳ ಅಪ್ಪನ ತಲೆಗಿಂತ ಎತ್ತರ ಬೆಳೆದು ತೆನೆಯಲ್ಲಿ ಹಾಲುಗಾಳು ಕಟ್ಟಿತ್ತು. ಅಕ್ಕ ಬೆನ್ನಿನಿಂದ ಇಳಿದವಳೇ ಒಂದು ತೆನೆ ಬಗ್ಗಿಸಿ ಮುಖಕ್ಕೆ ಒತ್ತಿಕೊಂಡಳು. ಬಹಳ ಹೊತ್ತು ಹಾಗೇ ನಿಂತಿದ್ದಳು.

ಪೂಜೆಯಾದ ಮೇಲೆ ಚರಗದ ಬುಟ್ಟಿಗೆ ಅವಳೇ ಕೈಹಾಕಿದಳು. "ನಾಲ್ಕು ಹೆಜ್ಜಿ ಹಾಕು ಸಾಕು, ಉಳಿದದ್ದು ನಾ ಹಾಕ್ತೀನಿ," ಎಂದ ಅಪ್ಪ. "ಅರ್ಧಕ್ಕ ಬಿಡಬಾರದಂತ ನೀನೇ ಹೇಳಿದಿ," ಎಂದಳು ಅಕ್ಕ. ಅಪ್ಪ ಸೋತ. "ಹಂಗಾರ ಮೆಲ್ಲಕ ಹೋಗು. ನಿನ್ನ ಧ್ವನಿ ನನಗ ಕೇಳ್ತಿರಬೇಕು. ನಿಂತಿತಂದ್ರ ಓಡಿ ಬರ್ತೀನಿ ನೋಡು."

ಅವಳ ಹಿಂದೆ ತಂಬಿಗೆ ಹಿಡಿದು ನಾನು ಹೊರಟೆ. ಮೊದಲ ಬದುವಿನ ತುದಿಯವರೆಗೆ ಅವಳ ಕೂಗು ಮೊದಲಿನಂತೆಯೇ ಇತ್ತು. ಮೂಲೆ ತಿರುಗಿದ ಮೇಲೆ ಅಪ್ಪ, ಅವ್ವ ಜೋಳದ ಆಚೆಗೆ ಮರೆಯಾದರು. ಅಲ್ಲಿ ಅಕ್ಕನ ಧ್ವನಿ ಸಣ್ಣಗಾಯಿತು. ಇನ್ನೊಂದಿಷ್ಟು ನಡೆದು, ಎದೆ ಹಿಡಿದುಕೊಂಡು ನೆಲಕ್ಕೆ ಕುಸಿದಳು. ತುಟಿ ನೀಲಿಯಾಗಿತ್ತು. ನಾನು "ಅಪ್ಪಾ" ಎನ್ನಲು ಬಾಯಿ ತೆರೆದೆ. ಅವಳು ನನ್ನ ಕೈ ಗಟ್ಟಿಯಾಗಿ ಹಿಡಿದಳು.

"ಬ್ಯಾಡ ತಮ್ಮಾ. ಗೊತ್ತಾದ್ರ ಇನ್ನ ಎಂದೂ ಹೊರಗ ಬಿಡಂಗಿಲ್ಲ ನನ್ನ. ನನ್ನ ಧ್ವನಿ ತೆಗದು ನೀನೇ ಕೂಗು."

ಅವಳನ್ನು ಅಣಕಿಸುವುದರಲ್ಲಿ ನಾನು ಪಳಗಿದವನು. ಅದಕ್ಕೇ ಎಷ್ಟೋ ಸಲ ಅವಳಿಂದ ಏಟು ತಿಂದಿದ್ದೆ. ಮೂಗಿನಿಂದ ಸಣ್ಣ ಧ್ವನಿ ತೆಗೆದು "ಹುಲ್ಲುಲ್ಲಿಗೋ!" ಎಂದೆ. ಆಮೇಲೆ ನನ್ನದೇ ಧ್ವನಿಯಲ್ಲಿ "ಚೆಲ್ಲಂಬ್ರಿಗೋ!" ಎಂದೆ. ಮತ್ತೆ ಅವಳದು, ಮತ್ತೆ ನನ್ನದು. "ಭಲೇ ನನ್ನ ಮಗಳ!" ಎಂದು ಜೋಳದ ಆಚೆಯಿಂದ ಅಪ್ಪ ಖುಷಿಯಿಂದ ಕೂಗಿದ. ಸುಳ್ಳೇಕೆ ಹೇಳಲಿ, ನನಗೆ ಹೆಮ್ಮೆಯಾಯಿತು. ಅಪ್ಪನಂಥ ಅಪ್ಪನನ್ನೇ ಮೋಸಮಾಡಿದೆನಲ್ಲ ಎಂದು ಇನ್ನೂ ಜೋರಾಗಿ ಕೂಗಿದೆ. ನೆಲದಲ್ಲಿ ಕೂತ ಅಕ್ಕ ಒಂದೊಂದೇ ಉಸಿರನ್ನು ಎಳೆದು ಎಳೆದು ತೆಗೆದುಕೊಳ್ಳುತ್ತಿದ್ದಳು.

ಸ್ವಲ್ಪ ಹೊತ್ತಿಗೆ ನನ್ನ ಹೆಗಲು ಹಿಡಿದು ಎದ್ದಳು. ಉಳಿದ ಸುತ್ತನ್ನು ನಾವಿಬ್ಬರೂ ಮುಗಿಸಿದೆವು, ಕೂಗು ಮಾತ್ರ ಎರಡೂ ನನ್ನದೇ. ಅಪ್ಪನ ಕಣ್ಣಿಗೆ ಬೀಳುವ ಮೊದಲು ತಂಬಿಗೆಯ ನೀರಿನಿಂದ ಮುಖ ತೊಳೆದುಕೊಂಡು, ನಗುಮುಖ ಮಾಡಿಕೊಂಡು ಹೊರಬಂದಳು. ಅವ್ವ ಅವಳಿಗೆ ದೃಷ್ಟಿ ತೆಗೆದಳು. ಊಟಕ್ಕೆ ಕೂತಾಗ ಅಪ್ಪನ ಸಡಗರ ಹೇಳತೀರದು. "ಗುಡ್ಡಕ್ಕ ಕೇಳಂಗ ಕೂಗ್ಯಾಳ! ಹುಷಾರಾದಳು ಬಿಡು. ಸೋಮವಾರ ಡಾಕ್ಟರಿಗಿ ತೋರಿಸೋದಿತ್ತು, ಆದ್ರ ಅವತ್ತೇ ನಮ್ಮ ಕೆಲಸದಾಗ ಸ್ಲ್ಯಾಬ್ ಹಾಕೋದದ. ದವಾಖಾನಿಗಿ ಸಂಕ್ರಾಂತಿ ಮುಗಿಸಿ ಹೋಗೋಣು," ಎಂದ. ಅವ್ವ ತಲೆಯಾಡಿಸಿದಳು. ನನ್ನ ಬಾಯಿತುಂಬ ಕಡಬು ಇತ್ತು. ಅಕ್ಕ ನನ್ನತ್ತ ನೋಡಿದಳು. ನಾನು ನುಂಗಿದೆ, ಇನ್ನೊಂದು ಕಡಬಿಗೆ ಕೈಹಾಕಿದೆ.

ಸಂಕ್ರಾಂತಿಗೆ ಎರಡು ದಿನವಿದ್ದಾಗ, ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಿದ್ದ ಅಕ್ಕನಿಗೆ ಉಸಿರು ಕಟ್ಟಿತು. ಅಪ್ಪ ಎತ್ತಿಕೊಂಡು ಬರಿಗಾಲಲ್ಲಿ ಓಡಿದ. ದವಾಖಾನೆ ಮುಟ್ಟುವ ಮೊದಲೇ ಅವಳು ಹೋಗಿಬಿಟ್ಟಳು.

ಅಪ್ಪ ಆಮೇಲೂ ಬಹಳ ವರ್ಷ ಬದುಕಿದ. ಎಳ್ಳಮಾಸಿ ಬಂದಾಗಲೆಲ್ಲ ಯಾರಾದರೂ ಸಿಕ್ಕರೆ ಸಾಕು, "ಹೋಗೂ ಮುಂದ ನನ್ನ ಮಗಳು ಎಂಥಾ ಕೂಗು ಕೂಗಿದ್ದಳ್ರೀ, ಇನ್ನೂ ಕಿವ್ಯಾಗದ," ಎನ್ನುತ್ತಿದ್ದ. ಅವನಿಗೆ ಉಳಿದಿದ್ದ ಸಮಾಧಾನ ಅದೊಂದೇ. ಅದು ಅವಳ ಧ್ವನಿಯಲ್ಲಪ್ಪಾ, ನನ್ನದು ಎಂದು ಹೇಗೆ ಹೇಳಲಿ? ನಾಲಿಗೆಯ ತುದಿಗೆ ಬಂದಾಗಲೆಲ್ಲ ಹಲ್ಲು ಕಚ್ಚಿದೆ. ಹೇಳದೆಯೇ ಅವನನ್ನೂ ಕಳಿಸಿಕೊಟ್ಟೆ. ಅಂದೇ ಹೇಳಿದ್ದರೆ ಅಕ್ಕ ಉಳಿಯುತ್ತಿದ್ದಳೋ ಇಲ್ಲವೋ, ದೇವರೇ ಬಲ್ಲ.

ಈಗ ನೀವು, ನನ್ನ ಮಕ್ಕಳು ಮೊಮ್ಮಕ್ಕಳು, ಇದೇ ಪುಣೆಯ ಖರಾಡಿಯಲ್ಲಿ ಹನ್ನೊಂದನೆಯ ಮಹಡಿಯಲ್ಲಿ ಇದ್ದೀರಿ. ಹೊರಗೆ ಹೋಗಬೇಕೆಂದರೆ ನಿಮಗೆ ಬೇರೆಯೇ ಬೂಟು, ಬೇರೆಯೇ ಬಾಟಲಿ. ಕೈಗಡಿಯಾರ ಎದೆಬಡಿತವನ್ನೂ ಎಣಿಸುತ್ತದೆ. ನಮಗೆ ಕರೆಯದೆ ಬರುತ್ತಿದ್ದ ಮಳೆ, ಬಿಸಿಲು, ತೆನೆಗಳನ್ನು ನೀವು ರಜೆ ನೋಡಿಕೊಂಡು ಹುಡುಕಿ ಹೋಗಬೇಕು. ಹೋಗಿ, ಬಿಡಬೇಡಿ. ನಮ್ಮ ಅಕ್ಕ ಇದ್ದಿದ್ದರೆ ನಿಮ್ಮ ಬೆನ್ನಿಗೂ ಗುದ್ದಿ ಎಬ್ಬಿಸುತ್ತಿದ್ದಳು.

ಕಳೆದ ಭಾನುವಾರ ಎಲ್ಲರೂ ಗುಡ್ಡ ಹತ್ತುವಾಗ ನಮ್ಮ ಸಣ್ಣ ಮೊಮ್ಮಗಳು ನಡುದಾರಿಯಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟಳು. "ಅಜ್ಜಾ, ನನಗ ಆಗವಲ್ದು. ದಮ್ಮು ಹತ್ಯದ. ಮನಿಗಿ ಹೋಗೋಣು," ಎಂದಳು. ಅಂಜಿಕೆಯಿಲ್ಲ, ನಾಚಿಕೆಯಿಲ್ಲ. ಅವಳ ಅಣ್ಣ ನಕ್ಕ, ನಾನು ಅವನಿಗೆ ಸರಿಯಾಗಿ ಬೈದೆ. ನೀವು ಬೆಚ್ಚಿದಿರಿ, ಅಜ್ಜ ಇಷ್ಟಕ್ಕೆಲ್ಲ ಯಾಕೆ ಸಿಟ್ಟಾದ ಎಂದು. ಅಲ್ಲಿಂದಲೇ ಅವಳ ಕೈಹಿಡಿದು ಕೆಳಗಿಳಿದೆ. ದಾರಿಯುದ್ದಕ್ಕೂ ಅವಳು ಏನೇನೋ ಹರಟುತ್ತಿದ್ದಳು. ನಾನು ತಿರುವು ತಿರುವಿಗೂ ಅವಳನ್ನು ಕೂರಿಸಿ, ಅವಳ ಉಸಿರಿಗೆ ಕಿವಿಗೊಟ್ಟು, ಅದು ಸಮವಾದ ಮೇಲೆಯೇ ಮುಂದೆ ನಡೆಸಿದೆ.